'ಬಂದರು' ಎಂಬ ಕ್ರಿಯಾಪದ

ಮುಕ್ತಾಯವನ್ನು ಮೊದಲೇ ಗೊತ್ತುಮಾಡಿಕೊಂಡು ಹೊರಟ ಕಥೆ ನಡುದಾರಿಯಲ್ಲಿ ಏನನ್ನೆಲ್ಲ ಕೈಬಿಡಬೇಕಾಗುತ್ತದೆ? ಈ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕಾದಂಬರಿಗಳಿಗೆ ಕೇಳುತ್ತೇವೆ. ನಾನಿಲ್ಲಿ ಅದನ್ನು ಫೋರ್ಟ್ ಕೊಚ್ಚಿಯ ಸಂಜೆಯ ಸೈಕಲ್ ಟೂರ್‌ಗೆ ಕೇಳಹೊರಟಿದ್ದೇನೆ. ಅದೂ ಒಂದು ಪಠ್ಯವೇ. ಅದಕ್ಕೊಬ್ಬ ನಿರೂಪಕನಿದ್ದಾನೆ, ಪಾತ್ರಗಳಿವೆ, ಅಧ್ಯಾಯಗಳಿವೆ. ಯಾವ ಸಂಪಾದಕನೂ ತಿದ್ದಲಾಗದ ಕೊನೆಯ ಪುಟವೂ ಇದೆ: ಸೂರ್ಯ ಮುಳುಗುವುದು. ಕೊಚ್ಚಿಯಲ್ಲಿ ಅದು ನವೆಂಬರಿನಲ್ಲಿ ಆರು ಗಂಟೆಯ ಆಸುಪಾಸು, ಜುಲೈಯಲ್ಲಿ ಏಳಕ್ಕೆ ಸುಮಾರು ಹತ್ತು ನಿಮಿಷವಿರುವಾಗ. ಪ್ರವಾಸಿ ದುಡ್ಡು ಕೊಟ್ಟಿರುವುದು ಆ ಹತ್ತು ನಿಮಿಷಕ್ಕೆ. ಮಿಕ್ಕ ಐದು ಶತಮಾನಗಳ ಇತಿಹಾಸ ಅಷ್ಟರೊಳಗೆ ಮುಗಿದಿರಬೇಕು.

ನಾನು ಹೋದದ್ದು ಡಿಸೆಂಬರಿನಲ್ಲಿ. ಏಳು ಜನರ ತಂಡ, ನಾಲ್ಕಕ್ಕೆ ಹೊರಟು ಆರರ ಹೊತ್ತಿಗೆ ಕಡಲ ದಂಡೆ ತಲುಪುವ ಸವಾರಿ. ಪ್ರವಾಸಕಥನಗಳ ಮೇಲೆ ಸಂಶೋಧನೆ ಮಾಡುವವರಿಗೆ ಒಂದು ಚಟವಿರುತ್ತದೆ: ಎದುರಿಗಿರುವುದನ್ನು ನೋಡುವುದಕ್ಕಿಂತ, ಅದನ್ನು ಹೇಗೆ ತೋರಿಸುತ್ತಿದ್ದಾರೆ ಎಂದು ಬರೆದುಕೊಳ್ಳುವುದು. ಮೊದಲ ಅರ್ಧ ಗಂಟೆಯಲ್ಲೇ ನನಗೆ ಹೊಳೆದದ್ದು ಇದು ಬಸ್ಸಿನ ಪ್ರವಾಸದಂತಲ್ಲ, ನಡಿಗೆಯ ಪ್ರವಾಸದಂತೆಯೂ ಅಲ್ಲ ಎಂಬುದು. ಬಸ್ಸಿನಲ್ಲಿ ಮೈಕ್ ಒಂದೇ ಸಮನೆ ಮಾತಾಡುತ್ತದೆ. ನಡಿಗೆಯಲ್ಲಿ ಗೈಡ್ ಪಕ್ಕದಲ್ಲೇ ಇರುತ್ತಾನೆ, ನಡುವೆ ಬಾಯಿ ಹಾಕಬಹುದು. ಸೈಕಲ್ಲಿನಲ್ಲಿ ಮಾತ್ರ ಪೆಡಲ್ ತುಳಿಯುವಷ್ಟು ಹೊತ್ತು ಯಾರಿಗೂ ಮಾತಿಲ್ಲ. ಒಬ್ಬರ ಹಿಂದೊಬ್ಬರು ಸಾಲಾಗಿ ಹೋಗುತ್ತೇವೆ. ಆಟೋದ ಹಾರ್ನು, ಒಣಮೀನಿನ ವಾಸನೆ, ಮಸೀದಿಯ ಬಾಂಗು, ಯಾರದೋ ಮನೆಯ ಒಗ್ಗರಣೆ. ಬ್ರೇಕ್ ಹಾಕಿದ ಮೇಲೆ ವಿವರಣೆ.

ಕರಾವಳಿಯವರಿಗೆ ಈ ರಚನೆ ಅಪರಿಚಿತವಲ್ಲ. ತಾಳಮದ್ದಲೆಯಲ್ಲಿ ಭಾಗವತರು ಪದ್ಯ ಹೇಳುತ್ತಾರೆ, ಪದ್ಯ ಮುಗಿದ ಮೇಲೆ ಅರ್ಥಧಾರಿ ಮಾತಾಡುತ್ತಾನೆ. ಇಲ್ಲಿ ಊರೇ ಪದ್ಯ, ಗೈಡನೇ ಅರ್ಥಧಾರಿ. ದಿನವೂ ಅದೇ ಪ್ರಸಂಗವಾದರೂ ಅರ್ಥ ಹೇಳುವವನಿಗೆ ತನ್ನದೇ ಜಾಗವಿರುತ್ತದೆ. ಆದರೆ ಒಂದು ದೊಡ್ಡ ವ್ಯತ್ಯಾಸ. ಕರ್ಣಪರ್ವದಲ್ಲಿ ಕರ್ಣ ಸಾಯಲೇಬೇಕು ನಿಜ, ಸಾಯುವ ಮುನ್ನ ಎಷ್ಟು ಹೊತ್ತು ಮಾತಾಡಬೇಕೆಂಬುದು ಅರ್ಥಧಾರಿಗೆ ಬಿಟ್ಟದ್ದು. ಬೆಳಗಿನ ಜಾವದವರೆಗೆ ಸಾವನ್ನು ತಡೆದು ನಿಲ್ಲಿಸಿದ ಕರ್ಣರಿದ್ದಾರೆ. ಸೈಕಲ್ ಟೂರಿನ ಅರ್ಥಧಾರಿಗೆ ಈ ಸ್ವಾತಂತ್ರ್ಯವಿಲ್ಲ. ಅವನ ಸೂರ್ಯ ಕಾಯುವುದಿಲ್ಲ.

ಮೊದಲ ನಿಲುಗಡೆಗಳನ್ನು ಎಲ್ಲರೂ ಬಲ್ಲರು. ಸೇಂಟ್ ಫ್ರಾನ್ಸಿಸ್ ಚರ್ಚು: 1503ರಲ್ಲಿ ಮರದ್ದು, 1516ರ ಹೊತ್ತಿಗೆ ಕಲ್ಲಿನದು. 1524ರಲ್ಲಿ ತೀರಿಕೊಂಡ ವಾಸ್ಕೋ ಡ ಗಾಮನನ್ನು ಮೊದಲು ಹೂತದ್ದು ಇಲ್ಲಿ, ಮುಂದೆ ಅವನ ಅವಶೇಷವನ್ನು ಪೋರ್ಚುಗಲ್ಲಿಗೆ ಒಯ್ದರು. ಖಾಲಿ ಗೋರಿಯ ಸುತ್ತ ಕಟಕಟೆ ಇದೆ, ಜನ ಅದರ ಫೋಟೋ ತೆಗೆಯುತ್ತಾರೆ. ಆಮೇಲೆ ಪರೇಡ್ ಮೈದಾನ, ಡಚ್ಚರ ಸ್ಮಶಾನ. 1663ರಲ್ಲಿ ಪೋರ್ಚುಗೀಸರನ್ನು ಓಡಿಸಿ ಡಚ್ಚರು, 1795ರಲ್ಲಿ ಡಚ್ಚರನ್ನು ಓಡಿಸಿ ಇಂಗ್ಲಿಷರು. ಗೈಡ್ ಇಂಗ್ಲಿಷಿನಲ್ಲಿ ಹೇಳುತ್ತಿದ್ದ, ನಾನು ಕನ್ನಡದಲ್ಲಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದೆ. ರಾತ್ರಿ ಓದಿದಾಗ ಮೊದಲ ಮೂರು ಪುಟಗಳಲ್ಲಿ ಒಂದೇ ಕ್ರಿಯಾಪದ: ಅರಬರು ಬಂದರು, ಚೀನೀಯರು ಬಂದರು, ಯೆಹೂದಿಗಳು ಬಂದರು, ಪೋರ್ಚುಗೀಸರು ಬಂದರು, ಡಚ್ಚರು ಬಂದರು.

ಕನ್ನಡದಲ್ಲಿ 'ಬಂದರು' ಎಂದರೆ ಹಡಗು ನಿಲ್ಲುವ ಸ್ಥಳವೂ ಹೌದಲ್ಲ. ಪಾರ್ಸಿಯಿಂದ ಬಂದ ನಾಮಪದವೂ ನಮ್ಮದೇ ಕ್ರಿಯಾಪದವೂ ಆಕಸ್ಮಿಕವಾಗಿ ಒಂದೇ ರೂಪ ತಾಳಿವೆ. ಈ ಟೂರ್‌ಗೆ ಕ್ರಿಯಾಪದ ಚೆನ್ನಾಗಿ ಗೊತ್ತು, ನಾಮಪದ ಗೊತ್ತಿಲ್ಲ. ಬಂದವರ ಪಟ್ಟಿ ಇದೆ. ಬಂದವರ ಸರಕನ್ನು ಇಳಿಸಿದವರು, ಹೊತ್ತವರು, ಅಳೆದವರು, ಅವರಿಗೆ ಗಿಡಮೂಲಿಕೆಗಳ ಹೆಸರು ಹೇಳಿಕೊಟ್ಟವರು ಆ ಪಟ್ಟಿಯಲ್ಲಿಲ್ಲ.

ಗಿಡಮೂಲಿಕೆಯ ಮಾತು ಸುಮ್ಮನೆ ಬರಲಿಲ್ಲ. ಪರೇಡ್ ಮೈದಾನದ ಬಳಿ ಡೇವಿಡ್ ಹಾಲ್ ಎಂಬ ಡಚ್ ಕಟ್ಟಡವಿದೆ. ಅದನ್ನು ಡಚ್ ಗವರ್ನರ್ ವಾನ್ ರೀಡ್‌ನ ಹೆಸರಿಗೆ ತಳುಕು ಹಾಕುವುದು ವಾಡಿಕೆ. ಅವನು ಮಾಡಿಸಿದ 'ಹೋರ್ಟಸ್ ಮಲಬಾರಿಕಸ್' 1678ರಿಂದ 1693ರವರೆಗೆ ಆಂಸ್ಟರ್‌ಡ್ಯಾಮಿನಲ್ಲಿ ಹನ್ನೆರಡು ಸಂಪುಟಗಳಲ್ಲಿ ಅಚ್ಚಾಯಿತು. ಇಷ್ಟನ್ನು ಗೈಡ್ ಹೇಳಿದ. ಹೇಳದೆ ಬಿಟ್ಟದ್ದು ಹೆಚ್ಚು ಸ್ವಾರಸ್ಯದ್ದು. ಆ ಪುಸ್ತಕದ ಜ್ಞಾನ ಬಂದದ್ದು ಈಳವ ವೈದ್ಯ ಇಟ್ಟಿ ಅಚ್ಯುತನ್‌ನಿಂದ, ರಂಗಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವೈದ್ಯರಿಂದ. ಮೊದಲ ಸಂಪುಟದಲ್ಲೇ ಅವರ ಪ್ರಮಾಣಪತ್ರಗಳು ಅವರವರ ಲಿಪಿಯಲ್ಲಿ ಅಚ್ಚಾಗಿವೆ, ಕೊಂಕಣಿಗರದು ನಾಗರಿಯಲ್ಲಿ. ಪೋರ್ಚುಗೀಸರ ಕಾಲದಲ್ಲಿ ಗೋವೆ ಬಿಟ್ಟ ಕೊಂಕಣಿಗರಲ್ಲಿ ಕೆಲವರು ನಮ್ಮ ಕರಾವಳಿಯ ಊರುಗಳಲ್ಲಿ ನೆಲೆ ನಿಂತರು, ಕೆಲವರು ಇನ್ನೂ ದಕ್ಷಿಣಕ್ಕೆ ಇಳಿದು ಕೊಚ್ಚಿ ಸೇರಿದರು. ಮಟ್ಟಾಂಚೇರಿಯ ಚೆರಳಾಯಿಯಲ್ಲಿ ಅವರ ತಿರುಮಲ ದೇವಸ್ಥಾನವಿದೆ, ಸುತ್ತಲಿನ ಬೀದಿಗಳಲ್ಲಿ ಇವತ್ತಿಗೂ ಕೊಂಕಣಿ ಕೇಳುತ್ತದೆ. ಮಂಗಳೂರಿನ ರಥಬೀದಿಯಲ್ಲಿ ಓಡಾಡಿದವರಿಗೆ ಅಲ್ಲಿ ದಾರಿ ಕೇಳಲು ಇಂಗ್ಲಿಷ್ ಬೇಕಿಲ್ಲ. ಸೈಕಲ್ ಟೂರ್ ಚೆರಳಾಯಿಗೆ ಹೋಗುವುದಿಲ್ಲ. ಅದು ಸೂರ್ಯನಿಂದ ದೂರ.

ದೂರ ಎಂದರೆ ಭೂಗೋಳದ ಲೆಕ್ಕದಲ್ಲೇ ಹೇಳುತ್ತಿದ್ದೇನೆ. ಫೋರ್ಟ್ ಕೊಚ್ಚಿಯ ಮುಖ ಪಶ್ಚಿಮಕ್ಕೆ, ಅರಬ್ಬೀ ಸಮುದ್ರಕ್ಕೆ. ಮಟ್ಟಾಂಚೇರಿಯ ಮುಖ ಪೂರ್ವಕ್ಕೆ, ಹಿನ್ನೀರಿಗೆ. ಎರಡಕ್ಕೂ ನಡುವೆ ಎರಡು ಮೂರು ಕಿಲೋಮೀಟರ್ ಅಷ್ಟೇ. ಆದರೆ ಕೋಟೆ, ಚರ್ಚು, ಬಂಗಲೆ ಒಂದು ಕಡೆಗಾದರೆ ಮೆಣಸು, ಶುಂಠಿ, ಅಕ್ಕಿಯ ಗೋದಾಮುಗಳು ಇನ್ನೊಂದು ಕಡೆಗೆ. ನಮ್ಮ ಕರಾವಳಿಯ 'ಬಂಡಸಾಲೆ' ಇಲ್ಲಿ 'ಪಾಂಡಿಕಶಾಲ'. ಸೂರ್ಯಾಸ್ತವನ್ನೇ ಗುರಿಯಾಗಿಟ್ಟುಕೊಂಡ ಪ್ರವಾಸಕ್ಕೆ ಮಟ್ಟಾಂಚೇರಿ ಯಾವಾಗಲೂ ನಡುವಿನ ಅಧ್ಯಾಯವೇ. ಅಲ್ಲಿಗೆ ಹೋಗಿ ತಿರುಗಿ ಬರಬೇಕು, ಅಲ್ಲಿ ಮುಗಿಸುವಂತಿಲ್ಲ.

ಹಾಗಾಗಿ ಅಲ್ಲಿ ಎಲ್ಲವೂ ಅವಸರ. 1555ರ ಅರಮನೆ, ಅದರ ರಾಮಾಯಣದ ಭಿತ್ತಿಚಿತ್ರಗಳು ಹೊರಗಿನಿಂದಲೇ. 1568ರ ಪರದೇಸಿ ಸಿನಗಾಗಿನ ಚೀನೀ ನೀಲಿ ಹಂಚುಗಳ ಬಗ್ಗೆ ಎರಡು ಮಾತು. ಗುಂಪಿನಲ್ಲೊಬ್ಬರು ಸಲ್ಮಾನ್ ರಶ್ದಿಯ 'ದಿ ಮೂರ್ಸ್ ಲಾಸ್ಟ್ ಸೈ' ಓದಿದ್ದರು, ಆ ಹಂಚುಗಳನ್ನು ನೋಡಲೇಬೇಕೆಂದು ಹಟ ಹಿಡಿದರು, ಸಮಯವಿರಲಿಲ್ಲ. ಸಾಹಿತ್ಯ ಮತ್ತು ಪ್ರವಾಸೋದ್ಯಮ ಒಂದನ್ನೊಂದು ಸಾಕುತ್ತವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ರಶ್ದಿಯ ಕೊಚ್ಚಿಯೂ ಮೆಣಸಿನ ವ್ಯಾಪಾರಿ ಮನೆತನದ ಕೊಚ್ಚಿ. ಮೂಟೆ ಹೊರುವವರು ಅಲ್ಲೂ ಹಿನ್ನೆಲೆಯಲ್ಲೇ ಇದ್ದಾರೆ.

ಆಮೇಲೆ ಬಜಾರ್ ರಸ್ತೆ. ಒಂದು ಹಳೆಯ ಗೋದಾಮಿನ ಎದುರು ಗೈಡ್ ಸೈಕಲ್ ನಿಲ್ಲಿಸಿದ. ಮಾಡಿಗೆ ನಮ್ಮ ಮಂಗಳೂರು ಹಂಚು, ಬಾಗಿಲಿಗೆ ಬೀಗ. ಈವರೆಗೆ ಬಾಯಿಪಾಠ ಒಪ್ಪಿಸುತ್ತಿದ್ದವನ ದನಿ ಇಲ್ಲಿ ಸ್ವಲ್ಪ ಇಳಿಯಿತು. "ನನ್ನ ಅಜ್ಜ ಹಡಗಿನ ಮೂಟೆ ಹೊರುತ್ತಿದ್ದರು. ಆಗ ಚಾಪ್ಪ ಅಂತ ಇತ್ತು..." ಎಂದು ಶುರುಮಾಡಿ ಗಡಿಯಾರ ನೋಡಿಕೊಂಡ. ಐದೂ ಇಪ್ಪತ್ತೈದು. "ಹೋಗೋಣ, ಸೂರ್ಯಾಸ್ತ ತಪ್ಪಿಹೋಗುತ್ತೆ." ಏಳೂ ಜನ ಪೆಡಲ್ ಮೇಲೆ ಕಾಲಿಟ್ಟೆವು. ಎರಡು ಗಂಟೆಯ ಕಥನದಲ್ಲಿ ನಿರೂಪಕ 'ನನ್ನ' ಎಂಬ ಪದ ಬಳಸಿದ್ದು ಅದೊಂದೇ ಸಲ. ಅಲ್ಲೇ ಪ್ರಸಂಗ ಅವನನ್ನು ತಡೆಯಿತು.

ಚಾಪ್ಪ ಎಂದರೆ ಲೋಹದ ಬಿಲ್ಲೆ. ಬಂದರಿನಲ್ಲಿ ಅಂದಂದಿನ ಕೂಲಿಗೆ ಜನರನ್ನು ಆರಿಸುವ ಪದ್ಧತಿ ಅದು. ಬೇಕಾದಷ್ಟು ಬಿಲ್ಲೆಗಳನ್ನು ಮೇಸ್ತ್ರಿ ಗುಂಪಿನ ಮೇಲೆ ಎರಚುತ್ತಿದ್ದ. ತಳ್ಳಾಡಿ, ಬಿದ್ದು, ಹೊಡೆದಾಡಿ ಬಿಲ್ಲೆ ಹಿಡಿದವನಿಗೆ ಆ ದಿನ ಕೆಲಸ, ಹಿಡಿಯದವನ ಮನೆಯಲ್ಲಿ ಆ ದಿನ ಒಲೆ ಹತ್ತುವುದಿಲ್ಲ. ರಾಬರ್ಟ್ ಬ್ರಿಸ್ಟೋ ಎಂಬ ಎಂಜಿನಿಯರ್ ಅಳಿವೆಯ ಮರಳದಿಬ್ಬ ಕಡಿಸಿ, 1928ರ ಹೊತ್ತಿಗೆ ದೊಡ್ಡ ಹಡಗುಗಳು ಒಳಗೆ ಬರುವಂತೆ ಮಾಡಿದ್ದನ್ನೂ ತೋಡಿದ ಮಣ್ಣಿನಿಂದ ವಿಲಿಂಗ್ಡನ್ ದ್ವೀಪ ಎದ್ದದ್ದನ್ನೂ ಟೂರ್ ಹೆಮ್ಮೆಯಿಂದ ಹೇಳುತ್ತದೆ. ಆ ಬಂದರು ನಡೆಯುತ್ತಿದ್ದುದು ಈ ಬಿಲ್ಲೆಯ ಮೇಲೆ ಎಂಬುದನ್ನು ಹೇಳುವುದಿಲ್ಲ. ಚಾಪ್ಪದ ವಿರುದ್ಧ ನಡೆದ ಹೋರಾಟದಲ್ಲಿ 1953ರ ಸೆಪ್ಟೆಂಬರ್ 15ರಂದು ಮಟ್ಟಾಂಚೇರಿಯಲ್ಲಿ ಪೊಲೀಸರು ಗುಂಡು ಹಾರಿಸಿದರು. ಸೈದು, ಸೈದಾಲವಿ, ಆಂಟನಿ ಎಂಬ ಮೂವರು ಕಾರ್ಮಿಕರು ಆ ಹೋರಾಟದಲ್ಲಿ ಜೀವ ತೆತ್ತರು. ಕೆ. ಎಂ. ಚಿದಂಬರನ್ ಇದನ್ನು ನಾಟಕ ಮಾಡಿದರು. ರಾಜೀವ್ ರವಿ ಅದನ್ನೇ ಆಧರಿಸಿ 'ತುರಮುಖಂ' ಸಿನಿಮಾ ಮಾಡಿದರು, 2023ರಲ್ಲಿ ತೆರೆಗೆ ಬಂತು. ತುರಮುಖಂ ಎಂದರೆ ಬಂದರು. ನಾಮಪದ.

ಆ ಸಿನಿಮಾದ ಲಯ ನಿಧಾನ ಎಂದು ಗೊಣಗಿದವರಿದ್ದಾರೆ. ನನಗೆ ಆ ನಿಧಾನವೇ ಅದರ ನ್ಯಾಯ ಎನಿಸುತ್ತದೆ. ಬಿಲ್ಲೆ ಎರಚುವುದನ್ನು ಒಂದು ಸಲ ತೋರಿಸಿದರೆ ಅದು ಘಟನೆ, ಮತ್ತೆ ಮತ್ತೆ ತೋರಿಸಿದರೆ ಪದ್ಧತಿ. ಪದ್ಧತಿಯನ್ನು ಹೇಳಲು ಹೊತ್ತು ಬೇಕು, ಹೊತ್ತೇ ಸೈಕಲ್ ಟೂರಿನಲ್ಲಿ ಇಲ್ಲದ್ದು. ಎನ್. ಎಸ್. ಮಾಧವನ್ ಅವರ 'ಲಂತನ್ ಬತ್ತೇರಿಯಿಲೆ ಲುತ್ತಿನಿಯಗಳ್' (2003) ಇನ್ನೊಂದು ಬಗೆಯಲ್ಲಿ ಇದನ್ನು ಸಾಧಿಸುತ್ತದೆ. ಕೊಚ್ಚಿಯ ಹಿನ್ನೀರಿನ ಒಂದು ಕಲ್ಪಿತ ದ್ವೀಪದ ಕಥೆ ಅದು. ಲಂತನ್ ಎಂದರೆ ಹಾಲೆಂಡಿನವನು, ಬತ್ತೇರಿ ನಮ್ಮ ಸುಲ್ತಾನ್ ಬತ್ತೇರಿಯ ಬತ್ತೇರಿಯೇ. ಡಚ್ಚ ಅಲ್ಲಿ ಊರಿನ ಹೆಸರಾಗಿ ಸವೆದುಹೋಗಿದ್ದಾನೆ. ಆ ಹೆಸರು ಹೊತ್ತು ಬದುಕುವವರು ಬಡಗಿಗಳು, ಚವಿಟ್ಟುನಾಟಕದವರು, ಬಿರಿಯಾನಿ ಬೇಯಿಸುವವರು. ಬಂದವರು ಹೋದ ಮೇಲೆ ಉಳಿದವರ ಬಾಯಲ್ಲಿ ಬಂದವರ ಭಾಷೆ ಏನಾಯಿತು ಎಂದು ಕೇಳುವ ಕಾದಂಬರಿ.

ಟೂರ್ ಅನ್ನು ತೆಗೆದುಹಾಕುವುದು ನನ್ನ ಉದ್ದೇಶವಲ್ಲ. ಸಮತಟ್ಟಾದ ಆ ಊರನ್ನು ಸೈಕಲ್ಲಿನಷ್ಟು ಚೆನ್ನಾಗಿ ಬೇರೆ ಯಾವ ವಾಹನವೂ ಓದಿಸಲಾರದು. ಸಂಜೆಯೂ ಸುಳ್ಳಲ್ಲ. ಕಲ್ವತ್ತಿಯ ದಾರಿ ಹಿಡಿದು ಚೀನೀ ಬಲೆಗಳ ಬಳಿ ಬಂದಾಗ ಆಕಾಶ ಕೆಂಪಾಗಿತ್ತು, ನಾನೂ ಫೋಟೋ ತೆಗೆದೆ. ಆದರೆ ಫೋಟೋ ನೋಡಿ. ಚೀನೀ ಬಲೆ ಎಂದರೆ ಮರದ ತೊಲೆಗಳ ಒಂದು ದೊಡ್ಡ ಯಾತ. ಒಂದು ತುದಿಗೆ ಬಲೆ, ಇನ್ನೊಂದು ತುದಿಗೆ ಹಗ್ಗದಲ್ಲಿ ಕಟ್ಟಿದ ಗುಂಡುಕಲ್ಲುಗಳು. ನಾಲ್ಕಾರು ಜನ ಸೇರಿ ನೀರಿಗಿಳಿಸಿ, ಕೆಲವು ನಿಮಿಷ ಬಿಟ್ಟು ಎಳೆಯುತ್ತಾರೆ. ಕುಬ್ಲಾಯ್ ಖಾನನ ಕಾಲದ್ದು ಎಂದು ಗೈಡ್ ಹೇಳುತ್ತಾನೆ. ಪೋರ್ಚುಗೀಸರ ಮೂಲಕ ಮಕಾವಿನಿಂದ ಬಂತು ಎನ್ನುವವರೂ ಇದ್ದಾರೆ. ಎರಡರಲ್ಲೂ ಬಲೆ 'ಬಂದದ್ದೇ'. ಈಗ ಹಲವು ಬಲೆಗಳಲ್ಲಿ ತೇಗದ ಬದಲು ಕಬ್ಬಿಣದ ಪೈಪು. ಎಳೆಯುವವರು ಪ್ರವಾಸಿಗಳ ಕೈಗೂ ಹಗ್ಗ ಕೊಟ್ಟು ನಾಲ್ಕು ಕಾಸು ಮಾಡಿಕೊಳ್ಳುತ್ತಾರೆ. ಸೂರ್ಯನಿಗೆ ಎದುರಾಗಿ ತೆಗೆದ ಚಿತ್ರದಲ್ಲಿ ಇದ್ಯಾವುದೂ ಕಾಣುವುದಿಲ್ಲ. ತೇಗವೋ ಪೈಪೋ ಗೊತ್ತಾಗುವುದಿಲ್ಲ, ಹಗ್ಗ ಹಿಡಿದವರಿಗೆ ಮುಖವಿಲ್ಲ. ಎಲ್ಲವೂ ಕಪ್ಪು ನೆರಳು, ಹಿಂದೆ ಚಿನ್ನ. ಟೂರ್ ಇಡೀ ಊರಿಗೆ ಮಾಡುವುದನ್ನೇ ಕ್ಯಾಮೆರಾ ಒಂದು ಕ್ಷಣದಲ್ಲಿ ಮಾಡಿತ್ತು.

ಟೂರ್ ಮುಗಿದ ಮೇಲೆ, ಸೈಕಲ್ಲುಗಳನ್ನು ಒಪ್ಪಿಸಿ ಉಳಿದವರು ಹೋಟೆಲಿಗೆ ಹೊರಟಾಗ, ತಟ್ಟುಕಡೆಯಲ್ಲಿ ಗೈಡ್ ಜೊತೆ ಚಹಾ ಕುಡಿದೆ. "ಚೇಟ್ಟಾ, ಅಜ್ಜನ ಮಾತು ಅರ್ಧಕ್ಕೆ ನಿಂತಿತಲ್ಲ" ಎಂದೆ. ಅವನು ಮುಕ್ಕಾಲು ಗಂಟೆ ಮಾತಾಡಿದ. ಅಜ್ಜ ಬೆಳಗಿನ ಕತ್ತಲಲ್ಲೇ ಎದ್ದು ಹೋಗಿ ಜಾಗ ಹಿಡಿಯುತ್ತಿದ್ದರಂತೆ. ಬಿಲ್ಲೆ ಹಿಡಿಯುವಾಗ ಆದ ಗಾಯದ ಗುರುತು ಬೆರಳಿನಲ್ಲಿತ್ತಂತೆ. ಗುಂಡು ಹಾರಿದ ದಿನ ಎಲ್ಲಿದ್ದರು ಎಂದು ಕೇಳಿದರೆ ಪ್ರತಿಸಲ ಬೇರೆ ಬೇರೆ ಉತ್ತರ ಕೊಡುತ್ತಿದ್ದರಂತೆ. ಇದನ್ನೆಲ್ಲ ಟೂರಿನಲ್ಲಿ ಹೇಳಬಾರದೇಕೆ, ಬೆಳಿಗ್ಗೆ ಮಟ್ಟಾಂಚೇರಿಯಿಂದಲೇ ಶುರುಮಾಡಿ ಗೋದಾಮುಗಳ ಎದುರಿಗೇ ಮುಗಿಸಬಹುದಲ್ಲ, ಎಂದೆ. ಒಂದು ವರ್ಷ ಬೆಳಗಿನ ಟೂರ್ ಇಟ್ಟು ನೋಡಿದ್ದನಂತೆ. ಬುಕಿಂಗ್ ಬರಲಿಲ್ಲ. ಮರುದಿನ ಸಂಜೆ ನಾಲ್ಕಕ್ಕೆ ಮಾತ್ರ ಒಂಬತ್ತು ಜನರಿದ್ದರು, ಎರಡು ಸೈಕಲ್ ಬಾಡಿಗೆಗೆ ತರಬೇಕು ಎಂದು ಎದ್ದು ಹೋದ.