ಒಂದು ರಾತ್ರಿಯಲ್ಲಿ ಕೂಡದ ಮೂಳೆ

ಮೇಜಿನ ಸುತ್ತ ಕೂತು ದಾಳ ಉರುಳಿಸುತ್ತ ಆಡುವ ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಪಾತ್ರಗಳಿಗೆ ಬೀಳುವ ಏಟಿಗೆ ಲೆಕ್ಕವಿಲ್ಲ. ಕತ್ತಿ ಭುಜ ಸೀಳುತ್ತದೆ, ಕೋಟೆಗೋಡೆಯಿಂದ ಬಿದ್ದವನ ತೊಡೆಮೂಳೆ ಮುರಿಯುತ್ತದೆ, ವಿಷಮಶೀತಜ್ವರ ಬಂದು ಪಾತ್ರವೊಂದು ಸಾವಿನ ಬಾಗಿಲು ತಟ್ಟಿ ಬರುತ್ತದೆ. ಆ ಗಳಿಗೆಯನ್ನು ಎಲ್ಲರೂ ಉಸಿರು ಬಿಗಿಹಿಡಿದು ಆಡುತ್ತಾರೆ. ಅದರ ಮರುದಿನವನ್ನು ಮಾತ್ರ ಹೆಚ್ಚಿನವರು ಆಡುವುದೇ ಇಲ್ಲ. ಈ ಹವ್ಯಾಸದಲ್ಲಿ ಇಷ್ಟು ಸತ್ವವಿದ್ದೂ ಇಷ್ಟು ಕಡೆಗಣಿಸಲ್ಪಟ್ಟ ಭಾಗ ಚೇತರಿಕೆಯ ಹೊರತು ಬೇರೊಂದಿಲ್ಲ ಎಂದು ನಾನು ನಂಬಿದ್ದೇನೆ. ಅದನ್ನು ನಿಜವೆನಿಸುವಂತೆ ಆಡಬೇಕಾದರೆ ಎಣಿಸಬೇಕಾದದ್ದು ಕಳೆದ ದಿನಗಳನ್ನಲ್ಲ, ಕೈಗೆ ಮರಳಿದ ಕೆಲಸಗಳನ್ನು.

ನಿಯಮಪುಸ್ತಕಗಳು ಇದಕ್ಕೆ ಅಷ್ಟಾಗಿ ನೆರವಾಗುವುದಿಲ್ಲ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಡಂಜನ್ಸ್ ಅಂಡ್ ಡ್ರಾಗನ್ಸ್ ಯುದ್ಧದಾಟಗಳ ಮನೆತನದಿಂದ ಬಂದದ್ದು. ಅಲ್ಲಿ ದೇಹವೆಂದರೆ ಏಟು ಬಿದ್ದಂತೆ ಇಳಿಯುವ ಹಿಟ್ ಪಾಯಿಂಟ್‌ಗಳ ಒಂದು ಮೊತ್ತ. ಆದರೂ ಅದೇ ಆಟದ 1979ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ಗೈಗ್ಯಾಕ್ಸ್ ಬರೆದ ನಿಯಮ ಗಮನಿಸುವಂಥದ್ದು. ಹಿಟ್ ಪಾಯಿಂಟ್ ಸೊನ್ನೆಗಿಳಿದೂ ಬದುಕಿದವನು ಕನಿಷ್ಠ ಒಂದು ವಾರ ಮಲಗಬೇಕು. ಮೆಲ್ಲಗೆ ನಡೆದು ಹಾಸಿಗೆ ಸೇರುವುದು, ಉಣ್ಣುವುದು, ನಿದ್ದೆ ಮಾಡುವುದು ಬಿಟ್ಟರೆ ಅವನಿಗೆ ಬೇರೇನೂ ಆಗದು; ಹೊರೆ ಹೊರಲಾರ, ಓಡಲಾರ, ಓದಲೂ ಆರ. ಆ ಓದಲಾರದ ಸ್ಥಿತಿಯನ್ನೂ ಪಟ್ಟಿಗೆ ಸೇರಿಸಿದ ಕೈ ಕಾಯಿಲೆಯನ್ನು ಹತ್ತಿರದಿಂದ ಬಲ್ಲದ್ದು ಅನಿಸುತ್ತದೆ. 2014ರ ಐದನೇ ಆವೃತ್ತಿಗೆ ಬರುವಷ್ಟರಲ್ಲಿ ಎಂಟು ಗಂಟೆಯ ವಿಶ್ರಾಂತಿ ಎಲ್ಲ ಹಿಟ್ ಪಾಯಿಂಟ್‌ಗಳನ್ನೂ ಮರಳಿಸಿಬಿಡುತ್ತದೆ. ಬೇಕೆಂದವರಿಗೆ ಏಳು ದಿನಗಳ ವಿಶ್ರಾಂತಿಯ ಐಚ್ಛಿಕ ನಿಯಮವೂ ಇದೆ ನಿಜ. ಆದರೆ ಕ್ಯಾಲೆಂಡರ್ ಉದ್ದವಾದ ಮಾತ್ರಕ್ಕೆ ಆಟ ಆಳವಾಗುವುದಿಲ್ಲ. ಆಟ ನಡೆಸುವ ಗೇಮ್ ಮಾಸ್ಟರ್ ‘ಆರು ವಾರ ಕಳೆಯಿತು’ ಎಂದರೆ ಮುಗಿಯಿತು, ಪಾತ್ರ ಎದ್ದು ಮೊದಲಿನಂತೆಯೇ ಕತ್ತಿ ಬೀಸುತ್ತದೆ. ಈ ವಿಷಯದಲ್ಲಿ 1986ರ ಹಾರ್ನ್‌ಮಾಸ್ಟರ್ ಎಂಬ ಆಟ ನನಗೆ ಹೆಚ್ಚು ಮೆಚ್ಚುಗೆ. ಅಲ್ಲಿ ಹಿಟ್ ಪಾಯಿಂಟ್‌ಗಳೇ ಇಲ್ಲ. ಪ್ರತಿ ಗಾಯವನ್ನೂ ಬೇರೆಬೇರೆಯಾಗಿ ಬರೆದಿಟ್ಟು, ಐದೈದು ದಿನಕ್ಕೊಮ್ಮೆ ದಾಳ ಉರುಳಿಸಬೇಕು, ಕೀವುಗಟ್ಟುವ ಭಯವೂ ಉಂಟು. ಮೊಣಕೈ ಮಾಯ್ದಿದ್ದರೂ ಪಕ್ಕೆ ಇನ್ನೂ ನೋಯುತ್ತಿರಬಹುದು.

ದೇಹ ನಡೆದುಕೊಳ್ಳುವುದೂ ಹಾಗೆಯೇ, ಒಂದೊಂದು ಭಾಗಕ್ಕೆ ಒಂದೊಂದು ಗತಿ. ರಕ್ತ ಬಹಳ ಹೋದವನಲ್ಲಿ ಅದರ ನೀರಿನಂಶ ಒಂದೆರಡು ದಿನಗಳಲ್ಲಿ ತುಂಬಿಕೊಂಡರೂ ಕೆಂಪು ಕಣಗಳು ತುಂಬಲು ವಾರಗಳು ಹಿಡಿಯುತ್ತವೆ. ಹೊಲಿಗೆ ಬಿಚ್ಚುವ ಹೊತ್ತಿಗೆ ಗಾಯ ಕೂಡಿದಂತೆ ಕಂಡರೂ ಚರ್ಮಕ್ಕೆ ಹಳೆಯ ಬಲದ ಅಲ್ಪ ಪಾಲಷ್ಟೇ ಬಂದಿರುತ್ತದೆ. ಮೂರು ತಿಂಗಳಾದರೂ ಅದು ಶೇ. 80ರ ಆಸುಪಾಸಿನಲ್ಲೇ ನಿಲ್ಲುತ್ತದೆ. ತೀವ್ರ ನಿಗಾ ಘಟಕದ ರೋಗಿಗಳ ಬಗ್ಗೆ 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ತೊಡೆಯ ಮುಂಭಾಗದ ಸ್ನಾಯು ಹತ್ತೇ ದಿನಗಳಲ್ಲಿ ಸರಾಸರಿ ಶೇ. 17ಕ್ಕೂ ಹೆಚ್ಚು ಕುಗ್ಗಿತ್ತು. ಅಂದರೆ ಜ್ವರ ಬಿಟ್ಟ ಮೇಲೂ ಕಾಲು ನಿಲ್ಲುವುದಿಲ್ಲ. ನೋಡುವವರ ಕಣ್ಣಿಗೆ ಆಳು ನೆಟ್ಟಗಿದ್ದಾನೆ, ಮೂರು ಮೆಟ್ಟಿಲು ಹತ್ತಿದರೆ ಏದುಸಿರು. ಹೊರಗಿನವರ ಅಂದಾಜಿಗೂ ಒಳಗಿನ ಬಲಕ್ಕೂ ಇರುವ ಈ ಅಂತರವೇ ಆಟಗಾರನ ಬಂಡವಾಳ.

ಇದನ್ನು ಬಿಟ್ಟು ಬಹುತೇಕರು ನರಳಾಟವನ್ನು ಆಡುತ್ತಾರೆ. ನೆನಪಾದಾಗ ಕುಂಟುತ್ತಾರೆ, ಕಾಳಗ ಶುರುವಾದರೆ ಮರೆಯುತ್ತಾರೆ. ಕಾಲು ಮುರಿದ ಯೋಧನನ್ನು ಮೂರನೇ ತಿಂಗಳಲ್ಲಿ ಕಲ್ಪಿಸಿಕೊಳ್ಳಿ. ಊರುಗೋಲು ಇರಬೇಕಾದದ್ದು ನೋವಿರುವ ಕಾಲಿನ ಕಡೆಯಲ್ಲ, ಅದರ ಎದುರು ಬದಿಯ ಕೈಯಲ್ಲಿ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಒಂದು ಕೈ ಕೋಲಿಗೆ ಹೋಯಿತು, ಇನ್ನೊಂದು ಗೋಡೆಗೆ. ನೀರಿನ ಚೊಂಬು ಹಿಡಿಯುವವರು ಯಾರು? ಕೇಳುವುದಕ್ಕೆ ಅವನಿಗೆ ಸಂಕೋಚ. ಮೆಟ್ಟಿಲ ನಡುವೆ ನಿಂತು ಏನೋ ಮಾತು ತೆಗೆಯುತ್ತಾನೆ, ದಣಿವು ಮುಚ್ಚಿಕೊಳ್ಳಲು. ನಿನ್ನೆ ಅಂಗಳದವರೆಗೆ ನಡೆದವನು ಇವತ್ತು ಹೊಸಿಲಲ್ಲೇ ಕುಸಿಯುತ್ತಾನೆ, ಆರೈಕೆ ಮಾಡುವವರ ಮೇಲೆ ರೇಗುತ್ತಾನೆ. ಇಲ್ಲಿ ಒಂದು ‘ಅಯ್ಯೋ’ ಕೂಡ ಬೇಕಿಲ್ಲ.

ಆಟವಾಡುವುದೇ ದಿನನಿತ್ಯದ ಬವಣೆ ಮರೆಯಲು, ಅಲ್ಲೂ ಗಂಜಿ-ಪಥ್ಯ ಏಕೆ ಎಂದು ಕೇಳುವವರಿದ್ದಾರೆ. ಒಬ್ಬ ಮಲಗಿದರೆ ಆ ಆಟಗಾರ ಸಂಜೆಯಿಡೀ ಸುಮ್ಮನೆ ಕೂರಬೇಕಲ್ಲ ಎಂಬ ದೂರೂ ಇದೆ. ಮೊದಲನೆಯದಕ್ಕೆ ನನ್ನ ಜಗಳವಿಲ್ಲ. ಮೋಜಿಗಾಗಿ ಆಡುವವರು ಎಂಟು ಗಂಟೆಯ ನಿದ್ದೆಯಾಗುತ್ತಲೇ ಎದ್ದು ನಡೆಯಲಿ. ಆದರೆ ಎರಡನೆಯದು ಚೇತರಿಕೆಯನ್ನು ಮಲಗಿದವನೊಬ್ಬನ ಪಾಡೆಂದು ತಿಳಿದದ್ದರಿಂದ ಬಂದ ದೂರು. ಯಾರು ಅವನನ್ನು ಮಗ್ಗುಲಾಗಿಸುತ್ತಾರೆ, ಯಾರಿಗೆ ತಾಳ್ಮೆ ತಪ್ಪುತ್ತದೆ, ಅವನಿಲ್ಲದೆ ಹೊರಟವರು ಹಿಂದಿರುಗಿ ಏನು ಹೇಳುತ್ತಾರೆ, ಏನನ್ನು ಬಚ್ಚಿಡುತ್ತಾರೆ—ಇದೆಲ್ಲ ಇಡೀ ತಂಡದ ಆಟ. ಮಲಗಿದವನೇ ಆ ಸಂಜೆ ಎಲ್ಲರಿಗಿಂತ ಹೆಚ್ಚು ಮಾತಾಡಬಹುದು.

ಇವೆರಡಕ್ಕಿಂತ ಗಂಭೀರವಾದ ಆಕ್ಷೇಪ ಬೇರೆಯೇ ಇದೆ. ಇನ್ನೊಬ್ಬರ ಅಂಗವೈಕಲ್ಯವನ್ನು ಅಭಿನಯಿಸುವುದರಿಂದ ತಿಳಿವಳಿಕೆ ಹೆಚ್ಚುವುದಿಲ್ಲ, ಕೆಡುತ್ತದೆ ಎಂಬುದು. ಇದಕ್ಕೆ ಪುರಾವೆಯೂ ಉಂಟು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಸ್ವಲ್ಪ ಹೊತ್ತು ಕುರುಡನ್ನು ನಟಿಸಿದವರು ಆಮೇಲೆ ಅಂಧರ ಸಾಮರ್ಥ್ಯವನ್ನು ಕಡಿಮೆಯಾಗಿ ಅಂದಾಜಿಸಿದರೆಂದು 2014ರಲ್ಲಿ ಪ್ರಕಟವಾದ ಅಮೆರಿಕದ ಒಂದು ಸಂಶೋಧನೆ ತೋರಿಸಿತು. ಕಾರಣ ಸ್ಪಷ್ಟ: ಅವರಿಗೆ ದಕ್ಕಿದ್ದು ದೃಷ್ಟಿ ಹೋದ ಮೊದಲ ಗಳಿಗೆಯ ದಿಗಿಲು ಮಾತ್ರ; ವರ್ಷಗಟ್ಟಲೆ ಕಲಿತು ರೂಢಿಸಿಕೊಂಡ ಜಾಣ್ಮೆ ಅಲ್ಲ. ಈ ಆಕ್ಷೇಪ ನನ್ನ ವಾದವನ್ನು ಮುರಿಯುವುದಿಲ್ಲ, ಗಟ್ಟಿ ಮಾಡುತ್ತದೆ. ಏಟು ಬಿದ್ದ ಸಂಜೆಯನ್ನಷ್ಟೇ ಆಡಿ ನಿಲ್ಲಿಸಿದರೆ ನಮಗೂ ಸಿಗುವುದು ಬರೀ ದಿಗಿಲು. ಹತ್ತು ಸಂಜೆ ಮುಂದುವರಿಸಿದರೆ ಆ ಯೋಧ ಕೋಲು ಹಿಡಿದೇ ಚೊಂಬು ಒಯ್ಯಲು ಕಲಿಯುತ್ತಾನೆ, ಕೂತಲ್ಲಿಂದಲೇ ಕಾವಲುಗಾರರನ್ನು ತಯಾರು ಮಾಡುತ್ತಾನೆ, ಪೂರ್ತಿ ವಾಸಿಯಾಗದೆಯೂ ತಂಡಕ್ಕೆ ಬೇಕಾದವನಾಗುತ್ತಾನೆ. ಚೇತರಿಕೆ ಎಂದರೆ ಮೊದಲಿದ್ದಂತಾಗುವುದು ಎಂಬ ತಪ್ಪು ಎಣಿಕೆಯೂ ಅಲ್ಲಿಗೆ ಬಿದ್ದುಹೋಗುತ್ತದೆ.

ಮುಂದಿನ ಆಟದಲ್ಲಿ ನಿಮ್ಮ ಪಾತ್ರ ಬಿದ್ದರೆ, ಅದು ಇನ್ನು ಮಾಡಲಾಗದ ಮೂರು ಕೆಲಸಗಳನ್ನು ಹಾಳೆಯ ಮೇಲೆ ಬರೆದುಕೊಳ್ಳಿ. ಅದಕ್ಕೂ ಮುಂಚೆ ಜೊತೆಯವರನ್ನು ಕೇಳಿ. ಮನೆಯಲ್ಲಿ ಕಾಯಿಲೆಯವರಿದ್ದು ಇದು ಬೇಡ ಎಂದವರಿದ್ದರೆ ಕಾರಣ ಕೆದಕದೆ ಕೈಬಿಡಿ. ಎಲ್ಲರೂ ಒಪ್ಪಿದರೆ ಒಂದೊಂದೇ ಕೆಲಸವನ್ನು ಆಡಿ ಗೆದ್ದು, ಆಮೇಲೆ ಪಟ್ಟಿಯಿಂದ ಹೊಡೆದುಹಾಕಿ. ಒಂದು ಹಾಗೇ ಉಳಿದರೆ ಉಳಿಯಲಿ.