ಎರಡು ಲಿಪಿಗಳ ನಡುವೆ ಗೋಡೆಪಟ

ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಕನ್ನಡ ಶಾಲೆಗಳಲ್ಲಿ ಬಾಲಭಾರತಿಯ ಕನ್ನಡ ಪಠ್ಯ ಹಿಡಿದ ಮಗು ಮರಾಠಿಯನ್ನೂ ಓದಬೇಕು. ಪಾಠದ ನಡುವೆ ಮಕ್ಕಳ ಮಾತಿನಿಂದಲೇ ಶಿಕ್ಷಕರು ಬರೆದು ತೂಗುಹಾಕುವ ‘ಆ್ಯಂಕರ್ ಚಾರ್ಟ್’ ಈ ದ್ವಿಲಿಪಿ ಸ್ಥಿತಿಯನ್ನು ಗಮನಿಸಿದರಷ್ಟೇ ಇಲ್ಲಿ ಸಾರ್ಥಕ. ಮುದ್ರಿತ ವರ್ಣಮಾಲೆಯಿಂದ ಅಕ್ಷರಗಳ ಪರಿಚಯವಾದೀತು. ಓದಿನ ತೊಡಕು ಹಾಗೆಯೇ ಉಳಿಯುತ್ತದೆ. ‘ಬೆಳೆ’, ‘ಬೇಳೆ’ಗಳನ್ನು ಬೇರ್ಪಡಿಸುವ ಎಕಾರ-ಏಕಾರಗಳ ಭೇದ ಮರಾಠಿ ಬರಹದಲ್ಲಿಲ್ಲ. ‘ಧರ್ಮ’ ಎಂಬಲ್ಲಿ ದೇವನಾಗರಿಯ ರಕಾರ ಮಕಾರದ ನೆತ್ತಿಯ ಮೇಲಿದ್ದರೆ, ಕನ್ನಡದ ಅರ್ಕಾವತ್ತು ಅದರ ಬಲಕ್ಕೆ ನಿಲ್ಲುತ್ತದೆ. ಇಂಥಲ್ಲಿ ಎಡವುವ ಮಗುವನ್ನು ದಡ್ಡನೆಂದು ಎಣಿಸುವುದು ಅನ್ಯಾಯ. ಎರಡೂ ರೂಪಗಳನ್ನು ಪಕ್ಕಪಕ್ಕದಲ್ಲಿರಿಸಿ, ಮಕ್ಕಳು ಕೊಟ್ಟ ಪದಗಳನ್ನು ಸೇರಿಸುತ್ತ ಹೋಗಿ, ಓದು ರೂಢಿಯಾದ ಮೇಲೆ ಪಟವನ್ನು ತೆಗೆಯಬೇಕು. ಗಡಿನಾಡಿನ ಶಿಕ್ಷಕರ ತರಬೇತಿಯು ಈ ತೌಲನಿಕ ಲಿಪಿಜ್ಞಾನದಿಂದಲೇ ಆರಂಭವಾಗುವುದು ಉಚಿತ.