ಏಳನೆಯ ಕುದುರೆ: ಮ್ಯಾಕ್ಸೀನ್ ಕ್ಯೂಮಿನ್ ಅವರ ಲಾಯದಲ್ಲಿ

ಹೋದ ಚಳಿಗಾಲದ ಒಂದು ಶನಿವಾರ ಬೆಳಿಗ್ಗೆ ಮಗಳು ಕೇಳಿದಳು: "ಅಪ್ಪ, ಹಾರ್ಸ್ ಪೂಪ್‌ಗೆ ಕನ್ನಡದಲ್ಲಿ ಏನಂತಾರೆ?"

ಅವಳಿಗೆ ಹದಿಮೂರು ವರ್ಷ. ನಾವಿರೋದು ನ್ಯೂ ಹ್ಯಾಂಪ್‌ಶೈರ್‌ನ ದಕ್ಷಿಣ ಭಾಗದಲ್ಲಿ. ಮನೆಯಿಂದ ಹತ್ತು ನಿಮಿಷ ಡ್ರೈವ್ ಮಾಡಿದರೆ ಒಂದು ಸಣ್ಣ ಫಾರ್ಮ್ ಸಿಗುತ್ತೆ. ವಯಸ್ಸಾದ ಗಂಡ ಹೆಂಡತಿ, ನಾಲ್ಕು ಕುದುರೆ, ಒಂದಿಷ್ಟು ಕೋಳಿ. ಶನಿವಾರ ಎರಡು ಗಂಟೆ ಲಾಯ ಚೊಕ್ಕಟ ಮಾಡಿಕೊಟ್ಟರೆ ಅರ್ಧ ಗಂಟೆ ಸವಾರಿ ಕಲಿಸ್ತಾರೆ. ದುಡ್ಡಿನ ಮಾತಿಲ್ಲ. ಮಗಳನ್ನು ಬಿಟ್ಟು ಬರೋಕೆ ಹೋದವನು ಈಗೀಗ ನಾನೂ ಒಂದು ಸಲಿಕೆ ಹಿಡಿದು ನಿಲ್ತೀನಿ.

ಅವಳ ಪ್ರಶ್ನೆಗೆ ನಾನು ಯೋಚನೆ ಮಾಡದೆ "ಸಗಣಿ" ಅಂದುಬಿಟ್ಟೆ. ಅವತ್ತು ರಾತ್ರಿ ಚನ್ನರಾಯಪಟ್ಟಣದ ಹತ್ತಿರದ ನಮ್ಮ ಹಳ್ಳಿಗೆ ಫೋನ್ ಮಾಡಿದಾಗ ಅಮ್ಮನಿಗೆ ಇದನ್ನು ಹೇಳಿದೆ. ಅಮ್ಮ ನಕ್ಕಳು. "ಸಗಣಿ ಹಸೂದು ಕಣೋ. ಕುದುರೇದು ಲದ್ದಿ. ಕುರೀದು ಹಿಕ್ಕೆ. ಎಲ್ಲಾ ಮರೆತೇಬಿಟ್ಯಾ?"

ಒಂದೊಂದು ಪ್ರಾಣಿಯದಕ್ಕೂ ಒಂದೊಂದು ಹೆಸರಿಟ್ಟ ಭಾಷೆ ಅಂದರೆ ಅದನ್ನು ಕೈಯಲ್ಲಿ ಎತ್ತಿದ ಜನರ ಭಾಷೆ. ದೂರದಿಂದ ನೋಡಿದವರಿಗೆ ಅಷ್ಟು ಹೆಸರು ಬೇಕಾಗೋದಿಲ್ಲ. ನಾನು ಈಗ ಮಾತಾಡಬೇಕು ಅಂತಿರೋ ಕವಿಯೂ ಹಾಗೇ ಕೈಯಲ್ಲಿ ಎತ್ತಿದವರು. ನಮ್ಮ ಮನೆಗೆ ತೀರಾ ದೂರವಲ್ಲದ ವಾರ್ನರ್ ಅನ್ನೋ ಊರಲ್ಲಿ ಬದುಕಿದವರು, ಮ್ಯಾಕ್ಸೀನ್ ಕ್ಯೂಮಿನ್.

ಅವರ ಹಿನ್ನೆಲೆ ಸ್ವಲ್ಪ ಹೇಳಿಬಿಡ್ತೀನಿ. ಹುಟ್ಟಿದ್ದು 1925ರಲ್ಲಿ, ಫಿಲಡೆಲ್ಫಿಯಾದ ಯಹೂದಿ ಕುಟುಂಬದಲ್ಲಿ. ಓದಿದ್ದು ರ‍್ಯಾಡ್‌ಕ್ಲಿಫ್ ಕಾಲೇಜಿನಲ್ಲಿ. ಅಂದರೆ ಹುಟ್ಟಾ ರೈತರ ಮನೆಯವರಲ್ಲ, ಪಟ್ಟಣದ ಹುಡುಗಿ. ಗಂಡ ಇಂಜಿನಿಯರ್. 1963ರಲ್ಲಿ ಇಬ್ಬರೂ ವಾರ್ನರ್‌ನಲ್ಲಿ ಒಂದು ಹಳೆಯ ಫಾರ್ಮ್ ಕೊಂಡರು. 1976ರ ಹೊತ್ತಿಗೆ ಬಾಸ್ಟನ್ ಕಡೆಯ ಮನೆ ಬಿಟ್ಟು ಅಲ್ಲೇ ನೆಲೆ ನಿಂತರು. ಅದಕ್ಕೆ ಇಟ್ಟ ಹೆಸರು 'ಪೋಬಿಜ್ ಫಾರ್ಮ್'. ಪೊಯೆಟ್ರಿ ಬಿಸಿನೆಸ್ ಅನ್ನೋದನ್ನು ಮೊಟಕು ಮಾಡಿದ ತಮಾಷೆ. 1973ರಲ್ಲಿ 'ಅಪ್ ಕಂಟ್ರಿ' ಸಂಕಲನಕ್ಕೆ ಪುಲಿಟ್ಜರ್ ಬಂತು. ಕುದುರೆ ಸಾಕಿದರು, ಮರಿ ಹಾಕಿಸಿದರು, ತರಕಾರಿ ಬೆಳೆದರು, ಬರೆದರು. 2014ರಲ್ಲಿ ತೀರಿಕೊಂಡರು.

ಇಂಗ್ಲಿಷಿನಲ್ಲಿ ಕುದುರೆ ಪುಸ್ತಕಗಳಿಗೆ ಬರ ಇಲ್ಲ. ಬಹಳಷ್ಟರಲ್ಲಿ ಕುದುರೆ ಅಂದರೆ ಓಟ, ಗೆಲುವು, ಸ್ವಾತಂತ್ರ್ಯ, ಗಾಳಿಗೆ ಹಾರೋ ಕೂದಲು. ನಮ್ಮ ಕಡೆಯೂ ಹಾಗೇ ಅಲ್ವಾ? ನಮ್ಮ ಹಳ್ಳಿಯಲ್ಲಿ ಉಳೋದು ಎತ್ತು, ಹಾಲು ಕೊಡೋದು ಹಸು. ಕುದುರೆ ಕಂಡದ್ದು ಜಟಕಾ ಗಾಡಿಯಲ್ಲಿ, ಮದುವೆ ಮೆರವಣಿಗೆಯಲ್ಲಿ, ಇಲ್ಲ ರಾಜರ ಕತೆಯಲ್ಲಿ. ಹಾಗಾಗಿ ಕುದುರೆಯ ದಿನಚರಿ ಹೇಗಿರುತ್ತೆ ಅಂತ ನನಗೆ ಗೊತ್ತಾಗಿದ್ದು ನಲವತ್ತೇಳನೇ ವಯಸ್ಸಿನಲ್ಲಿ, ಈ ದೇಶದಲ್ಲಿ.

ದಿನಚರಿ ಅಂದರೆ ನೀರು ಮತ್ತು ಹುಲ್ಲು. ಒಂದು ಸಾಧಾರಣ ಕುದುರೆ ದಿನಕ್ಕೆ ಐದರಿಂದ ಹತ್ತು ಗ್ಯಾಲನ್ ನೀರು ಕುಡಿಯುತ್ತೆ. ಇಪ್ಪತ್ತು ಪೌಂಡ್‌ನಷ್ಟು ಒಣಹುಲ್ಲು ತಿನ್ನುತ್ತೆ. ಇಲ್ಲಿನ ಜನವರಿಯಲ್ಲಿ ಬಕೆಟ್ಟಿನ ನೀರು ಹೆಪ್ಪುಗಟ್ಟುತ್ತೆ. ನೀರು ಕಡಿಮೆ ಆದರೆ ತಿಂದ ಒಣಹುಲ್ಲು ಕರುಳಲ್ಲಿ ಕಟ್ಟಿಕೊಳ್ಳುತ್ತೆ. ಕುದುರೆಗೆ ವಾಂತಿ ಮಾಡೋ ಶಕ್ತಿಯೇ ಇಲ್ಲ, ಹೊಟ್ಟೆನೋವು ಬಂದರೆ ಪ್ರಾಣಕ್ಕೇ ಕುತ್ತು. ಆರೆಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಬೇಕು, ದಿನಾ ಗೊರಸಿನ ಅಡಿಯ ಕೆಸರು, ಕಲ್ಲು ಕೆರೆದು ತೆಗೀಬೇಕು. ಇನ್ನು ಲದ್ದಿಯಂತೂ ಮುಗಿಯೋ ಕೆಲಸವೇ ಅಲ್ಲ.

ಕ್ಯೂಮಿನ್ ಕುದುರೆಯನ್ನು ಕಾಣೋದು ಈ ಕೆಲಸಗಳ ಒಳಗಿಂದ. ಅವರ 'ದಿ ಎಕ್ಸ್‌ಕ್ರಿಮೆಂಟ್ ಪೊಯೆಮ್' ನೇರವಾಗಿ ಲದ್ದಿಯ ಮೇಲಿನ ಪದ್ಯ. 1978ರ 'ದಿ ರಿಟ್ರೀವಲ್ ಸಿಸ್ಟಮ್' ಸಂಕಲನದಲ್ಲಿದೆ. ಎರೆಹುಳದಿಂದ ಡೈನೋಸಾರ್‌ವರೆಗೆ ಎಲ್ಲರೂ ಮಾಡುವ ಕೆಲಸ ಇದು ಅಂತ ಗಂಭೀರವಾಗಿ ಶುರು ಮಾಡಿ, ಆಮೇಲೆ ಬೆಳಗಿನ ಲಾಯಕ್ಕೆ ಬರ್ತಾರೆ. ಬಿಸಿ ಲದ್ದಿಯನ್ನು ಆಗತಾನೆ ಬೆಂದ ಬನ್ನಿಗೆ ಹೋಲಿಸ್ತಾರೆ. ತಿಪ್ಪೆಯ ಮೇಲೆ ಗುಬ್ಬಚ್ಚಿಗಳು ಬಂದು ಅರಗದ ಕಾಳನ್ನು ಹೆಕ್ಕಿ ತಿನ್ನೋದು, ಮಳೆ ಬಿದ್ದ ಮೇಲೆ ಅಣಬೆ ಏಳೋದು, ಎಲ್ಲ ಅಲ್ಲಿದೆ. ನಾನು ಸಲಿಕೆ ಹಿಡಿದ ಮೇಲೆ ಈ ಪದ್ಯ ಮತ್ತೆ ಓದಿದೆ. ಹಸಿರು ಲದ್ದಿ ಮರದ ಹೊಟ್ಟಿನಲ್ಲಿ ಹೊರಳಿ ಗಟ್ಟಿಯಾದ ಮೇಲೇ ಸಲೀಸಾಗಿ ಎತ್ತೋಕೆ ಬರೋದು ಅನ್ನೋ ಸಂಗತಿಯೂ ಪದ್ಯದಲ್ಲಿದೆ ಅಂತ ಆಗ ಕಂಡಿತು. ಇದನ್ನು ಮೇಜಿನ ಮುಂದೆ ಕೂತು ಕಲ್ಪಿಸಿಕೊಳ್ಳೋಕೆ ಆಗಲ್ಲ.

ಇಷ್ಟೆಲ್ಲ ಮೆಚ್ಚಿದರೂ ಆ ಪದ್ಯದ ಬಗ್ಗೆ ನನಗೊಂದು ತಕರಾರಿದೆ. ಕೊನೆಗೆ ಬಂದಾಗ ಕವಿ ಲದ್ದಿಗೆ ಗೌರವ ಸಲ್ಲಿಸಿ, ಬದುಕು ನಿಲ್ಲೋದಿಲ್ಲ ಅನ್ನೋ ಮಾತನ್ನು ಅದರ ಬಾಯಲ್ಲಿ ಹೇಳಿಸ್ತಾರೆ. ಗುಬ್ಬಚ್ಚಿ, ಅಣಬೆ ಆ ಮಾತನ್ನು ಆಗಲೇ ಹೇಳಿ ಆಗಿತ್ತು. ಹರಿಕತೆ ಮುಗಿದ ಮೇಲೆ ದಾಸರು "ಇದರ ನೀತಿ ಏನಪ್ಪಾ ಅಂದರೆ" ಅಂತ ಮತ್ತೆ ಶುರು ಮಾಡಿದ ಹಾಗೆ. ಕ್ಯೂಮಿನ್ ಅವರ ಹಲವು ಪ್ರಾಣಿ ಪದ್ಯಗಳಲ್ಲಿ ಈ ಅಭ್ಯಾಸ ಇದೆ. ಕೆಲಸ ಮಾಡುವಷ್ಟು ಹೊತ್ತು ಪದ್ಯ ಜೀವಂತವಾಗಿರುತ್ತೆ, ಕೈ ತೊಳೆದುಕೊಂಡು ಪಾಠ ಹೇಳೋಕೆ ನಿಂತಾಗ ಸ್ವಲ್ಪ ಸೊರಗುತ್ತೆ.

'ಸ್ಲೀಪಿಂಗ್ ವಿತ್ ಅನಿಮಲ್ಸ್' ಇನ್ನೂ ಮೇಲಿನ ಮಟ್ಟದ್ದು. ಕುದುರೆಯ ಬಸಿರು ಸುಮಾರು ಹನ್ನೊಂದು ತಿಂಗಳು. ಹೆಣ್ಣುಕುದುರೆ ಮರಿ ಹಾಕೋದು ಹೆಚ್ಚಾಗಿ ರಾತ್ರಿಯಲ್ಲಿ, ಸುತ್ತ ಯಾರೂ ಇಲ್ಲದಾಗ. ಪದ್ಯದ ಕುದುರೆಗೆ ದಿನ ತುಂಬಿ ಹತ್ತು ದಿನ ಕಳೆದಿದೆ. ಏಪ್ರಿಲ್ ತಿಂಗಳ ಚಳಿಯ ಕತ್ತಲಲ್ಲಿ ಕವಿ ಅದರ ಜೊತೆ ರಾತ್ರಿ ಕಳೀತಾರೆ. ಇಬ್ಬರ ನಡುವೆ ಮಾತಿಲ್ಲ. ಮುಟ್ಟೋದು, ಮೈ ನಡುಗೋದು, ಇಷ್ಟೇ ಅವರ ಭಾಷೆ, ಅದರಲ್ಲಿ ಯಾವ ಕೊರತೆಯೂ ಇಲ್ಲ ಅಂತಾರೆ ಕವಿ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಇದನ್ನು ಓದಬೇಕು ಅನಿಸುತ್ತೆ. ಊರಿಗೆ ಹೋದಾಗ ಅಜ್ಜಿಯ ಪಕ್ಕ ಮಲಗಿ, ಅರ್ಧ ಮಾತು ತಿಳಿಯದಿದ್ದರೂ ಅವಳ ಕೈ ಬೆನ್ನ ಮೇಲೆ ಆಡಿದ್ದು ನೆನಪಿದ್ದರೆ ಈ ಪದ್ಯ ನಿಮಗೆ ಅರ್ಥ ಆಗುತ್ತೆ.

ಸರಿ, ಇದೆಲ್ಲ ಪ್ರೀತಿಯ ಕಡೆ ಆಯ್ತು. ಲೆಕ್ಕದ ಕಡೆ ಏನು?

ಸಣ್ಣ ಫಾರ್ಮಿನಲ್ಲಿ ಕುದುರೆ ಅಂದರೆ ಖರ್ಚು. ಹುಲ್ಲು, ಲಾಳ, ವೈದ್ಯರು, ಚಳಿಗಾಲ. ನಮ್ಮೂರ ಎತ್ತಿನ ಹಾಗೆ ಅದು ಹೊಲ ಉತ್ತು ತನ್ನ ಮೇವಿನ ಬೆಲೆ ತೀರಿಸೋದಿಲ್ಲ. ಕ್ಯೂಮಿನ್ ದಂಪತಿಗೂ ಕುದುರೆ ಹೊಟ್ಟೆಪಾಡಾಗಿರಲಿಲ್ಲ. ಈ ಲೆಕ್ಕ ಅವರ ಪದ್ಯಗಳಲ್ಲಿ ಅಪರೂಪಕ್ಕೆ ಮಾತ್ರ ಕಾಣುತ್ತೆ. ಓದುತ್ತಾ ಹೋದ ಹಾಗೆ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಉಳಿದುಬಿಟ್ಟಿತ್ತು: ಜಾಗ ಸಾಲದಾದಾಗ, ಪ್ರಾಣಿಗೆ ವಯಸ್ಸಾದಾಗ, ಈ ಪ್ರೀತಿ ಏನು ಮಾಡುತ್ತೆ?

ಎಪ್ಪತ್ತರ ದಶಕದ ಒಂದು ಪದ್ಯದಲ್ಲಿ ಇದಕ್ಕೆ ಒಂಥರಾ ಉತ್ತರ ಇದೆ. ಹೆಸರೇ 'ಥಿಂಕಿಂಗ್ ಆಫ್ ಡೆತ್ ಅಂಡ್ ಡಾಗ್‌ಫುಡ್'. ಅಮಾಂಡಾ ಅನ್ನೋ ತನ್ನ ಹೆಣ್ಣುಕುದುರೆಗೆ, ನಿನ್ನ ಅದೃಷ್ಟ ಮುಗಿದ ದಿನ ನೀನು ನಾಯಿ ತಿನ್ನೋ ಡಬ್ಬಿಗೆ ಹೋಗ್ತೀಯ ಅಂತ ಮುಖಕ್ಕೇ ಹೇಳ್ತಾರೆ. ಧೈರ್ಯದ ಪದ್ಯ, ತಮಾಷೆಯೂ ಇದೆ. ಆದರೆ ಅಮಾಂಡಾ ಇನ್ನೂ ಕವಿಯ ಎದುರಿಗೇ ನಿಂತಿದೆ. ಕಣ್ಣೆದುರು ಇರೋ ಪ್ರಾಣಿಯ ಸಾವಿನ ಬಗ್ಗೆ ಜಾಣತನದಿಂದ ಮಾತಾಡೋದು ಅಷ್ಟೇನೂ ಕಷ್ಟ ಅಲ್ಲ.

ಆ ಪ್ರಶ್ನೆಗೆ ನಿಜವಾದ ಉತ್ತರ ಬಂದದ್ದು ಸುಮಾರು ಮೂವತ್ತು ವರ್ಷದ ನಂತರ, 'ಜ್ಯಾಕ್' ಅನ್ನೋ ಪದ್ಯದಲ್ಲಿ. 2005ರಲ್ಲಿ ಬಂದ ಸಂಕಲನದ ಶೀರ್ಷಿಕೆಯಲ್ಲೂ ಇದೇ ಹೆಸರಿದೆ. ಪದ್ಯ ಶುರುವಾಗೋದು ಊಟದ ಮೇಜಿನಲ್ಲಿ. ಬೇಸಿಗೆಯ ಕೊನೆ, ತೋಟದ ಕಡೆಯ ಜೋಳ, ಬೆಣ್ಣೆ, ವೈನ್, ವಯಸ್ಸಾದ ಗೆಳೆಯರು. ಲಾಯದಲ್ಲಿ ಉಳಿದಿರೋದು ಎರಡೇ ಕುದುರೆ, ಇಪ್ಪತ್ತೆಂಟು ವರ್ಷದ್ದೊಂದು, ಇಪ್ಪತ್ತೆರಡರದ್ದೊಂದು. ಇದ್ದಕ್ಕಿದ್ದ ಹಾಗೆ ಪದ್ಯ 1980ರ ಚಳಿಗಾಲಕ್ಕೆ ಹಾರುತ್ತೆ. ಆಗ ಲಾಯದಲ್ಲಿ ಜಾಗ ಆರು, ಕುದುರೆ ಏಳು. ಏಳನೆಯದು ಜ್ಯಾಕ್, ದಪ್ಪ ಮೂಗಿನ ಶಾಂತ ಸ್ವಭಾವದ ಗಂಡು. ಅದಕ್ಕೆ ಸ್ವಂತ ಕೋಣೆ ಇಲ್ಲದ್ದರಿಂದ ಲಾಯದ ನಡುವಿನ ಓಣಿಯಲ್ಲೇ ವಾಸ. ಮನೆಯವರು ಆ ಜಾಗಕ್ಕೆ ಮೋಟೆಲ್ ಲಾಬಿ ಅಂತ ಹೆಸರಿಟ್ಟಿದ್ದಾರೆ. ಜ್ಯಾಕ್ ಒಣಹುಲ್ಲನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿಕೊಂಡು ತಿನ್ನುತ್ತೆ, ಆಮೇಲೆ ಉಳಿದವರ ಬಾಗಿಲಿಗೆ ಹೋಗಿ ವಿಚಾರಿಸಿಕೊಂಡು ಬರುತ್ತೆ.

ವಸಂತ ಬಂತು. ಕೆಲಸದ ಗಡಿಬಿಡಿಯಲ್ಲಿ, ಸ್ನೇಹಿತೆ ಅಂದುಕೊಂಡಿದ್ದ ನೆರೆಯವಳೊಬ್ಬಳಿಗೆ ಜ್ಯಾಕ್‌ನನ್ನು ಕೊಟ್ಟುಬಿಟ್ಟರು. ಅವಳು ಆ ವರ್ಷವೇ ಅದನ್ನು ಇನ್ಯಾರಿಗೋ ಮಾರಿದಳು. ಹುಡುಕಿ ವಾಪಸ್ ಕೊಂಡುಕೊಳ್ಳಬೇಕು ಅಂತ ಕವಿಗೆ ಮನಸ್ಸಿತ್ತು. ಹೋಗಲಿಲ್ಲ. ಅಷ್ಟೇ ಕತೆ. ಕೊನೆಗೆ ನೀತಿ ಇಲ್ಲ. ಒಂದೇ ಒಂದು ಪ್ರಶ್ನೆ ಇದೆ, ಅದನ್ನು ಕೇಳೋದು ಜ್ಯಾಕ್‌ಗೆ: ನಮ್ಮ ಜೊತೆ ಕಳೆದ ಆ ಒಳ್ಳೆಯ ಚಳಿಗಾಲ ನಿನಗೆ ನೆನಪಿತ್ತಾ ಅಂತ.

ಈ ಪದ್ಯದಲ್ಲಿ ಕ್ರೂರಿ ಯಾರೂ ಇಲ್ಲ, ನೋಡಿ. ಮಾರಿದ ನೆರೆಯವಳನ್ನು ಬೈದು ಕವಿ ಪಾರಾಗಬಹುದಿತ್ತು. ಒಂದೇ ಮಾತಲ್ಲಿ ಆ ವಿಷಯ ಮುಗಿಸ್ತಾರೆ. ಅವರು ಬರೆದುಕೊಳ್ಳೋದು ತಮ್ಮದೇ ತಪ್ಪನ್ನು, ಅದೂ ಎಷ್ಟು ಸಾಮಾನ್ಯವಾದ ತಪ್ಪು! ಹೋಗಬೇಕು ಅಂದುಕೊಂಡೆ, ಹೋಗಲಿಲ್ಲ. ಹುಲ್ಲು ಅದ್ದಿ ತಿನ್ನೋ ಆ ಚಿಕ್ಕ ವಿವರ ಇಪ್ಪತ್ತೈದು ವರ್ಷ ತಲೆಯಲ್ಲಿ ಉಳಿದಿದೆ ಅಂದರೆ, ಆ ಕುದುರೆಯನ್ನು ಅವರು ಎಷ್ಟು ಚೆನ್ನಾಗಿ ನೋಡಿದ್ದರು ಅಂತ ಗೊತ್ತಾಗುತ್ತೆ. ಅಷ್ಟು ಚೆನ್ನಾಗಿ ನೋಡಿದ್ದೂ ಅದನ್ನು ಉಳಿಸಲಿಲ್ಲ. ಕ್ಯೂಮಿನ್ ಅವರ ಕುದುರೆ ಬರಹಗಳಲ್ಲಿ ನನಗೆ ಇದೇ ಎಲ್ಲಕ್ಕಿಂತ ದೊಡ್ಡದು. ಪ್ರಾಣಿಯನ್ನು ಪ್ರೀತಿಸೋದು ಬೇರೆ, ಅದಕ್ಕೆ ಜವಾಬ್ದಾರಿ ಆಗೋದು ಬೇರೆ ಅಂತ ಇದರಲ್ಲಿ ಕಾಣುತ್ತೆ, ಎಲ್ಲೂ ಹಾಗಂತ ಬಾಯಿಬಿಟ್ಟು ಹೇಳದೆ.

ನಡುವೆ ಇನ್ನೊಂದು ಘಟನೆ ನಡೆದಿತ್ತು. 1998ರ ಜುಲೈಯಲ್ಲಿ, ಎಪ್ಪತ್ತಮೂರನೇ ವಯಸ್ಸಿನಲ್ಲಿ, ಗಾಡಿ ಓಡಿಸುತ್ತಿದ್ದಾಗ ಕುದುರೆ ಬೆಚ್ಚಿ ಓಡಿ ಕ್ಯೂಮಿನ್ ಬಿದ್ದರು. ಕತ್ತಿನ ಮೂಳೆ ಮುರಿಯಿತು. ತಲೆಬುರುಡೆಗೆ ತಿರುಪು ಹಾಕಿ ಕೂರಿಸಿದ ಲೋಹದ ಬಳೆಯೊಳಗೆ ತಿಂಗಳುಗಟ್ಟಲೆ ಕಳೆದರು. ಆ ಅನುಭವವೇ 2000ದಲ್ಲಿ ಬಂದ 'ಇನ್‌ಸೈಡ್ ದ ಹೇಲೋ ಅಂಡ್ ಬಿಯಾಂಡ್'. ಅದು ಆಸ್ಪತ್ರೆಯ ಪುಸ್ತಕ, ಕುದುರೆಯ ಪುಸ್ತಕ ಅಲ್ಲ. ಆದರೂ ನಾನು ಅದನ್ನು 'ಜ್ಯಾಕ್' ಪಕ್ಕದಲ್ಲಿಟ್ಟು ಓದ್ತೀನಿ. ಇಷ್ಟು ವರ್ಷ ಬೇರೆ ಜೀವಗಳಿಗೆ ನೀರು ಹೊತ್ತ ಕೈ ಈಗ ಇನ್ನೊಬ್ಬರ ಕೈಗೆ ಕಾಯಬೇಕು. ಬಾಯಿಲ್ಲದ ಪ್ರಾಣಿಯ ಪರವಾಗಿ ಯೋಚಿಸೋದಕ್ಕೂ ತಾನೇ ಆ ಸ್ಥಿತಿಗೆ ಬರೋದಕ್ಕೂ ಎಷ್ಟು ವ್ಯತ್ಯಾಸ! 'ಜ್ಯಾಕ್' ಬರೆಯೋಕೆ ಆ ಅಪಘಾತವೇ ಕಾರಣ ಅಂತ ನಾನು ಹೇಳ್ತಿಲ್ಲ. ಇಳಿವಯಸ್ಸಿನ ಆ ದನಿಯಲ್ಲಿ ಮೊದಲಿನ ಜಾಣ ತಮಾಷೆ ಇಲ್ಲ ಅನ್ನೋದು ಮಾತ್ರ ಕೇಳಿಸುತ್ತೆ.

'ಜ್ಯಾಕ್' ಓದಿದ ವಾರ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ನಾನು ಈ ದೇಶಕ್ಕೆ ಬಂದ ನಾಲ್ಕನೇ ವರ್ಷ ಅಪ್ಪ ನಮ್ಮ ಕೊನೆಯ ಜೋಡಿ ಎತ್ತು ಮಾರಿದ್ದರು. ಬಸವ ಮತ್ತು ಕೆಂದ. ಫೋನಿನಲ್ಲಿ ಆ ವಿಷಯ ಬಂದಾಗ "ಹೌದಾ, ಒಳ್ಳೇದಾಯ್ತು, ನಿಮಗೂ ಕಷ್ಟ" ಅಂದಿದ್ದೆ. ಯಾರಿಗೆ ಮಾರಿದ್ರಿ ಅಂತ ಕೇಳಬೇಕು ಅಂದುಕೊಂಡೆ. ಮುಂದಿನ ಸಲ ಕೇಳೋಣ ಅಂದುಕೊಂಡೆ. ಈಗ ಅಪ್ಪ ಇಲ್ಲ.

ಈ ಸಲ ಅಮ್ಮನನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಜಾತ್ರೇಲಿ ಮಾರಿದ್ದು. ಯಾರೋ ಆ ಕಡೆಯವರು, ಹೆಸರು ನೆನಪಿಲ್ಲ. ನಿಮ್ಮಪ್ಪ ಎರಡು ದಿನ ಸರಿಯಾಗಿ ಉಣ್ಣಲಿಲ್ಲ ಕಣೋ. ಕೆಂದ ಬರೀ ನೀರು ಮುಟ್ತಿರಲಿಲ್ಲ, ಕಲಗಚ್ಚೇ ಆಗಬೇಕಿತ್ತು. ಅದನ್ನ ಅವರಿಗೆ ಹೇಳೋದೇ ಮರೆತೆ ಅಂತ ಕೊರಗ್ತಿದ್ರು." ಅಕ್ಕಿ ತೊಳೆದ ನೀರು, ಅನ್ನದ ಗಂಜಿ ಎಲ್ಲ ಸೇರಿಸಿ ದನಕ್ಕೆ ಇಡೋದಕ್ಕೆ ಕಲಗಚ್ಚು ಅಂತಾರೆ. ಮಗಳು ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದಳು. ಆ ಪದವನ್ನು ಎರಡು ಸಲ ಹೇಳಿಸಿಕೊಂಡಳು.

ಕ್ಯೂಮಿನ್ ಅವರನ್ನು ಓದಬೇಕು ಅನಿಸಿದರೆ 'ಜ್ಯಾಕ್'ನಿಂದ ಶುರು ಮಾಡಿ. ಇಂಗ್ಲಿಷ್ ಸರಳವಾಗಿದೆ, ಎರಡು ನಿಮಿಷ ಸಾಕು. ಆಮೇಲೆ ಹಿಂದಕ್ಕೆ ಹೋಗಿ ಲದ್ದಿಯ ಪದ್ಯ, ಬಸುರಿ ಕುದುರೆಯ ಪದ್ಯ ಓದಿ. ಆಗ ಅವುಗಳ ನಗು, ನೆಮ್ಮದಿ ಬೇರೆ ಥರ ಕೇಳಿಸುತ್ತೆ, ಏಳನೆಯ ಕುದುರೆ ಎಲ್ಲೋ ಓಣಿಯಲ್ಲಿ ನಿಂತಿರುತ್ತೆ. ನಿಮ್ಮ ಮನೆಯಲ್ಲೂ ಕೇಳದೆ ಬಿಟ್ಟ ಪ್ರಶ್ನೆ ಇದ್ದರೆ, ಕೇಳಬೇಕಾದವರು ಇನ್ನೂ ಇರುವಾಗಲೇ ಫೋನ್ ಮಾಡಿ.

ನಾಳೆ ಶನಿವಾರ. ನಾಲ್ಕು ಕುದುರೆಗಳಲ್ಲಿ ತೀರಾ ಮುದಿಯಾದದ್ದಕ್ಕೆ ಹಲ್ಲು ಸವೆದಿದೆ. ಅದೂ ಹುಲ್ಲನ್ನು ನೀರಿಗೆ ಅದ್ದಿಯೇ ತಿನ್ನೋದು. ಅದರ ಬಕೆಟ್ ಬೇಗ ಗಲೀಜಾಗುತ್ತೆ, ದಿನಕ್ಕೆ ಎರಡು ಸಲ ತೊಳೀಬೇಕು. ಆ ಕೆಲಸ ನನ್ನದು ಅಂತ ಮಗಳು ವಹಿಸಿಕೊಂಡಿದ್ದಾಳೆ, ಕನಿಷ್ಠ ಶನಿವಾರದ ಮಟ್ಟಿಗೆ.